ಜೇಬಿಲ್ಲದ ಅಂಗಿ

ಕಾರ್ಖಾನೆಯ ಸೈರನ್ ನಿಂತ ಮೇಲೆ ಆ ಬೀದಿಗೆ ಹೊತ್ತು ಗೊತ್ತಾಗುವುದೇ ಕಷ್ಟವಾಯಿತು. ಮೊದಲು ಬೆಳಗಿನ ಸೈರನ್ನಿಗೆ ಒಲೆಯ ಮೇಲಿನ ಪಾತ್ರೆ ಇಳಿಯುತ್ತಿತ್ತು, ಮಕ್ಕಳ ಜಡೆ ಮುಗಿಯುತ್ತಿತ್ತು, ಬೀದಿಯುದ್ದಕ್ಕೂ ಸೈಕಲ್ ಗಂಟೆಗಳ ಸದ್ದು ತುಂಬುತ್ತಿತ್ತು. ಈಗ ಎಲ್ಲರ ಮನೆಯಲ್ಲೂ ಗಡಿಯಾರವಿದೆ. ಒಂದೊಂದು ಮನೆಯದು ಒಂದೊಂದು ಹೊತ್ತು.

ಸೈನ್ಯಕ್ಕೆ ಸಿಡಿಮದ್ದು ಮಾಡುತ್ತಿದ್ದ ಆ ಕಾರ್ಖಾನೆ ಮುಚ್ಚಿ ವರ್ಷ ಕಳೆದಿತ್ತು. ಆದರೂ ಹೊಲಿಗೆಯಕ್ಕನ ಗಂಡ ಬೆಳಗ್ಗೆ ಎದ್ದು ಗಡ್ಡ ತೆಗೆದು, ಇಸ್ತ್ರಿ ಅಂಗಿ ತೊಟ್ಟು, ಬಾಗಿಲ ಪಕ್ಕದ ಬೆಂಚಿನ ಮೇಲೆ ಕೂರುತ್ತಿದ್ದ. ಎಲ್ಲಿಗೂ ಹೋಗುತ್ತಿರಲಿಲ್ಲ. ಬೀದಿಯವರು ಅವನನ್ನು ಬೀಗದಣ್ಣ ಎನ್ನುತ್ತಿದ್ದರು. ಮದ್ದಿನ ವಿಭಾಗದಲ್ಲಿದ್ದವನು. ಒಳಗಿನ ಮಾತು ಹೊರಗೆ ಆಡುವುದಿಲ್ಲವೆಂದು ಸೇರಿದ ದಿನವೇ ಸಹಿ ಹಾಕಿ ಕೊಟ್ಟಿದ್ದ.

ಮದುವೆಯಾದ ಹೊಸದರಲ್ಲಿ ಹೊಲಿಗೆಯಕ್ಕ ಒಮ್ಮೆ ಕೇಳಿದ್ದಳು: "ಒಳಗೆ ಏನು ಮಾಡ್ತೀರಿ ರೀ?"

"ಹೇಳಬಾರದು ಕಣೇ" ಎಂದಿದ್ದ. ಗದರಿಸಿ ಅಲ್ಲ, ನಗುತ್ತಲೇ. ಆಮೇಲೆ ಅವಳು ಕೇಳಲಿಲ್ಲ.

ಅವಳಿಗೆ ಗೊತ್ತಿದ್ದದ್ದು ಅವನ ಕೆಲಸದ ಅಂಗಿ ಮಾತ್ರ. ಅದಕ್ಕೆ ಜೇಬಿರಲಿಲ್ಲ, ಗುಂಡಿಯ ಬದಲು ಬಟ್ಟೆಯ ಕಟ್ಟು. ಕಿಡಿ ಹಾರಿಸುವ ಒಂದು ಚೂರು ಲೋಹವೂ ಒಳಗೆ ಹೋಗಬಾರದಂತೆ. ಹರಿದಾಗ ಹೊಲಿಯುತ್ತ, ಜೇಬಿಲ್ಲದ ಆ ಎದೆಯ ಮೇಲೆ ಕೈಯಾಡಿಸುತ್ತ, ಅಂಗಿಯ ಹಾಗೇ ಈ ಮನುಷ್ಯ, ಏನನ್ನೂ ಮನೆಗೆ ತರುವುದಿಲ್ಲ ಎಂದುಕೊಳ್ಳುತ್ತಿದ್ದಳು.

ಆದರೂ ಆಗಿನ ಮೌನ ಬೇರೆ. ಸಂಜೆ ಬಂದರೆ ಕೈಗೆ ಸೋಪಿನ ವಾಸನೆ, ಮುಖದಲ್ಲಿ ದುಡಿದ ದಣಿವು. ಮಾತಿಲ್ಲದಿದ್ದರೂ ಮನೆ ತುಂಬಿರುತ್ತಿತ್ತು. ಈಗಿನದು ಬರಿದಾದ ಮಡಕೆಯ ಮೌನ. ಹೀಗೇ ಬಿಟ್ಟರೆ ಬೆಂಚಿನ ಜೊತೆ ಬೆಂಚಾಗಿಬಿಡುತ್ತಾನೆ ಎಂದು ಅವಳಿಗೆ ಹೆದರಿಕೆಯಾಗುತ್ತಿತ್ತು.

ಒಂದು ಬೆಳಿಗ್ಗೆ ಕ್ರೇನಕ್ಕ ಬಂದಳು. ಅದೇ ಕಾರ್ಖಾನೆಯಲ್ಲಿ ಕ್ರೇನ್ ನಡೆಸುತ್ತಿದ್ದವಳು. ಬೂಟಿನ ತುಂಬ ಕೆಸರು.

"ಏನ್ರೀ ಕ್ರೇನಕ್ಕಾ, ತೋಟ ಗೀಟ ಕೊಂಡ್ರಾ?" ಎಂದಳು ಹೊಲಿಗೆಯಕ್ಕ.

"ಕಾರ್ಖಾನೆ ಹಿಂದಿನ ಹಳ್ಳದಿಂದ ಬರ್ತಿದೀನಿ ಅತ್ತಿಗೆ. ಮಣ್ಣು ತೆಗೆಯೋಕೆ ಹೋಗಿದ್ದೆ. ಈಗ ಅದೇ ನನ್ನ ಕೆಲಸ."

ಅವಳು ಬಿಡಿಸಿ ಹೇಳಿದಳು. ಅಷ್ಟು ವರ್ಷ ಮದ್ದು ತೊಳೆದ ನೀರು ಇಂಗಿ ಆ ಮಣ್ಣು ಕೆಟ್ಟಿದೆ, ಪಕ್ಕದ ಬಾವಿಯೂ ಕೆಟ್ಟಿದೆ. ಅದನ್ನು ಶುದ್ಧ ಮಾಡುವ ದಾರಿ ಹುಡುಕಲು ಒಂದು ಸಂಶೋಧನಾ ಕೇಂದ್ರ ಶುರುವಾಗಿದೆ. ಕೆಲಸ ಕಳೆದುಕೊಂಡ ಕಾರ್ಖಾನೆಯವರಿಗೇ ಅಲ್ಲಿ ತರಬೇತಿ. ಕಲಿಯುವಾಗಲೂ ಭತ್ಯೆ ಉಂಟು, ಕಲಿತ ಮೇಲೆ ಪ್ರಯೋಗಾಲಯದಲ್ಲೋ ಬಯಲಿನಲ್ಲೋ ಕೆಲಸ. ಹೊಸ ತಂಡಕ್ಕೆ ಸೇರಲು ಈ ವಾರವೇ ಕೊನೆ.

"ಈ ವಯಸ್ಸಿಗೆ ಪಾಠವಾ? ಮುದಿ ಎತ್ತಿಗೆ ಹೊಸ ಮೂಗುದಾರ" ಎಂದ ಬೀಗದಣ್ಣ.

"ನಾನೂ ನಿನ್ನ ಓರಗೆಯವಳೇ ಅಣ್ಣಾ. ಹಾಗಾದ್ರೆ ನಾನೇನು ಮುದಿ ಎಮ್ಮೆನಾ?"

"ಅದಲ್ಲಮ್ಮಾ. ದೇಶ ಕಾಯೋ ಕೆಲಸ ಮಾಡಿದ ಕೈ ಇದು. ಈಗ ಕೊಳಕು ಬಾಚಬೇಕಾ?"

"ಆ ನೀರು ಮಕ್ಕಳ ಬಾಯಿಗೆ ಹೋಗದ ಹಾಗೆ ನೋಡ್ಕೊಳ್ಳೋದೂ ಕಾಯೋ ಕೆಲಸಾನೇ ಅಲ್ವಾ?"

ಹೊಲಿಗೆಯಕ್ಕ ಕತ್ತರಿ ಕೆಳಗಿಟ್ಟಳು.

"ನೀವು ಹೋಗದಿದ್ರೆ ಬೇಡ ಬಿಡಿ ರೀ. ನಾನೇ ಹೋಗಿ ನೋಡ್ಕೊಂಡು ಬರ್ತೀನಿ. ಇಷ್ಟು ವರ್ಷ ನಿಮ್ಮ ಕೆಲಸದ ಬಾಗಿಲು ಹೇಗಿತ್ತು ಅಂತಾನೂ ನೋಡಿಲ್ಲ. ಈ ಬಾಗಿಲಾದ್ರೂ ನೋಡ್ತೀನಿ."

ಅವನು ಎದ್ದು ಚಪ್ಪಲಿ ಹುಡುಕಿದ.

ಮೂವರೂ ಸಂಶೋಧನಾ ಕೇಂದ್ರಕ್ಕೆ ಹೋದರು. ಅಲ್ಲಿನ ಪ್ರಯೋಗಾಲಯದ ಬಾಗಿಲಲ್ಲಿ ಬೀಗದಣ್ಣ ತಟ್ಟನೆ ನಿಂತ. ಉಂಗುರ ಕಳಚಿದ, ಕೈಗಡಿಯಾರ ಬಿಚ್ಚಿದ, ಎರಡನ್ನೂ ಕಿಟಕಿಯ ಕಟ್ಟೆಯ ಮೇಲಿಟ್ಟ. ಆಮೇಲೆ ಬಾಗಿಲಿನ ಲೋಹದ ಪಟ್ಟಿಗೆ ಅಂಗೈ ಒತ್ತಿ ಒಂದು ಗಳಿಗೆ ಹಾಗೇ ನಿಂತ. ಮನೆಯಲ್ಲೂ ಅವನು ಚಿಲಕಕ್ಕೆ ಹೀಗೇ ಅಂಗೈ ಇಟ್ಟು ಒಳಗೆ ಬರುತ್ತಿದ್ದ.

"ಮೈಯಲ್ಲಿರೋ ಕರೆಂಟು ಇಳಿಸೋದು ಅತ್ತಿಗೆ. ಮದ್ದಿನ ಮನೆಗೆ ಹೋಗೋರೆಲ್ಲ ಹಾಗೆ ಮಾಡ್ಬೇಕಿತ್ತು" ಎಂದು ಕ್ರೇನಕ್ಕ ಪಿಸುಗುಟ್ಟಿದಳು.

"ಅಯ್ಯೋ, ನಾನು ಭಕ್ತಿ ಅಂದ್ಕೊಂಡಿದ್ದೆ!"

ತರಬೇತಿ ಕೊಡುವ ಮೇಡಂಗೆ ಬೀಗದಣ್ಣನ ಮಗಳಾಗುವಷ್ಟೇ ವಯಸ್ಸು. ಕ್ರೇನಕ್ಕ ತಂದ ಹಳ್ಳದ ಮಣ್ಣನ್ನು ಮುಂದಿಟ್ಟು, ಅದನ್ನು ತೂಗಿ ಶೀಶೆಗೆ ತುಂಬಿ ಚೀಟಿ ಅಂಟಿಸಲು ಹೇಳಿದಳು. ಅವನು ತುಂಬಿದ. ಒಂದು ಕಣವೂ ಚೆಲ್ಲಲಿಲ್ಲ. ಆ ಕೈಗಳು ಕೆಲಸ ಮಾಡುವುದನ್ನು ಹೊಲಿಗೆಯಕ್ಕ ನೋಡಿದ್ದು ಅದೇ ಮೊದಲು.

ಚೀಟಿಯ ಮೇಲೆ ಅವನು ಬರೆದದ್ದು ಬರೀ ಒಂದು ನಂಬರು.

"ಎಲ್ಲಿಯ ಮಣ್ಣು ಸರ್? ಬಣ್ಣ, ವಾಸನೆ ಹೇಗಿದೆ?"

"ಅದನ್ನೆಲ್ಲ ಬರೀಬಾರದಲ್ವಾ ಮೇಡಂ?"

ಮೇಡಂ ನಗಲಿಲ್ಲ. "ಅಲ್ಲಿ ಹೇಳಿದ್ರೆ ತಪ್ಪು. ಇಲ್ಲಿ ಹೇಳದಿದ್ರೆ ತಪ್ಪು ಸರ್. ಒಂದು ವಿಷಯ ಬಿಟ್ಟುಹೋದ್ರೂ ಮುಂದಿನ ಪರೀಕ್ಷೆಯೆಲ್ಲ ದಾರಿ ತಪ್ಪುತ್ತೆ. ನಿಮ್ಮ ಕೈ ಅರ್ಧ ಕಲಿತೇ ಬಂದಿದೆ. ಬಾಯಿಗೇ ಪಾಠ ಜಾಸ್ತಿ ಬೇಕು."

"ಬೀಗ ಹಳೇದು ಮೇಡಂ, ಎಣ್ಣೆ ಬಿಡ್ಬೇಕಾಗುತ್ತೆ" ಎಂದಳು ಕ್ರೇನಕ್ಕ.

"ನಾನು ಸಹಿ ಹಾಕಿದೀನಿ" ಎಂದ ಅವನು ಮೆಲ್ಲಗೆ.

"ಶುದ್ಧ ಮಾಡೋಕೆ ಬೇಕಾದಷ್ಟು ಹೇಳಬಹುದು ಅಂತ ಕಾರ್ಖಾನೆಯವರೇ ಬರೆದು ಕೊಟ್ಟಿದ್ದಾರೆ. ಮಿಕ್ಕಿದ್ದು ನಿಮ್ಮಲ್ಲೇ ಇರಲಿ ಸರ್."

ಅವನು ಶೀಶೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ತಿರುಗಿಸಿ ನೋಡಿದ. ಆಮೇಲೆ ಪೆನ್ನು ತೆಗೆದುಕೊಂಡು ಬರೆಯತೊಡಗಿದ. ಚೀಟಿ ಸಾಲಲಿಲ್ಲ.

ಆ ದಿನವೇ ಹೆಸರು ಕೊಟ್ಟು ಬಂದ. ಮೊದಮೊದಲು ಕಷ್ಟವೇ ಆಯಿತು. ರಸಾಯನಶಾಸ್ತ್ರದ ಪಾಠ ತಲೆಯ ಮೇಲಿಂದ ಹಾರಿಹೋಗುತ್ತಿತ್ತು. ಎರಡು ಸಲ ಬಿಟ್ಟುಬಿಡುತ್ತೇನೆಂದ. ಆದರೆ ಅಲ್ಲಿ ಹಳೆಯ ವಿಭಾಗದವರು ನಾಲ್ಕಾರು ಮಂದಿ ಸಿಕ್ಕಿದ್ದರು. ಬುತ್ತಿ ಬಿಚ್ಚಿದರೆ ಹಳೆಯ ಕ್ಯಾಂಟೀನಿನ ಅದೇ ನಗು, ಅದೇ ಕಾಲೆಳೆತ. ಅದಕ್ಕಾಗಿಯಾದರೂ ಮರುದಿನ ಹೋಗುತ್ತಿದ್ದ.

ಒಂದು ಸಂಜೆ ಊಟಕ್ಕೆ ಕೂತಾಗ ತಾನಾಗಿಯೇ ಬಾಯಿಬಿಟ್ಟ.

"ಇವತ್ತೇನಾಯ್ತು ಗೊತ್ತಾ?"

ತುತ್ತು ಎತ್ತಿದ್ದ ಹೊಲಿಗೆಯಕ್ಕನ ಕೈ ಹಾಗೇ ನಿಂತಿತು. ಈ ಮಾತಿಗಾಗಿ ಅವಳು ಒಂದು ಆಯುಷ್ಯವೇ ಕಾದಿದ್ದಳು.

"ನಾವು ಫಿರಂಗಿ ಶೆಲ್ಲಿಗೆ ತುಂಬ್ತಿದ್ದ ಮದ್ದಿದೆಯಲ್ಲ, ಅದನ್ನ ತಿನ್ನೋ ಸೂಕ್ಷ್ಮಜೀವಿಗಳು ಮಣ್ಣಲ್ಲೇ ಇವೆಯಂತೆ ಕಣೇ! ನಮ್ಮ ಹಳ್ಳದಲ್ಲಿ ಯಾವುದು ಚೆನ್ನಾಗಿ ತಿನ್ನುತ್ತೆ ಅಂತ ಹುಡುಕೋದೇ ನಮ್ಮ ಕೆಲಸ."

"ತಿಂದ್ಮೇಲೆ ಅವುಗಳ ಹೊಟ್ಟೆ ಸಿಡಿಯಲ್ವೇನ್ರೀ?"

ಅವನು ನೆತ್ತಿಗೇರುವಷ್ಟು ನಕ್ಕ. ಅವಳು ತಲೆ ತಟ್ಟಿದಳು. ಅವನು ಹೇಳುತ್ತಲೇ ಹೋದ, ತಟ್ಟೆಯ ಅನ್ನ ಆರಿಹೋಯಿತು. ತರಬೇತಿಗೆಂದು ಅವಳು ಹೊಲಿದುಕೊಟ್ಟ ಅಂಗಿ ಗೂಟದಲ್ಲಿ ತೂಗುತ್ತಿತ್ತು. ಅದಕ್ಕೆ ಎರಡು ಜೇಬು.

ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಬೀದಿಯಲ್ಲೂ ಒಂದು ಸೈರನ್ ನಿಂತಿರಬಹುದು. ಕಾರ್ಖಾನೆ ಮುಚ್ಚಿದರೂ ಕಲಿತ ಕೈ ಮುಚ್ಚಿಹೋಗುವುದಿಲ್ಲ. ಕೆಟ್ಟ ಮಣ್ಣನ್ನೂ ನೀರನ್ನೂ ಸರಿಪಡಿಸುವ ಕೆಲಸಕ್ಕೆ ಅಂಥ ಕೈಗಳು ಬೇಕು. ಇಂಥ ತರಬೇತಿ ಎಲ್ಲಿದೆಯೆಂದು ಹತ್ತಿರದ ಉದ್ಯೋಗ ಕಚೇರಿಯಲ್ಲಿ ವಿಚಾರಿಸಿ. ವಯಸ್ಸಾಯಿತು, ಓದು ಸಾಲದು ಎಂದು ಕೇಳುವ ಮೊದಲೇ ನೀವೇ ತೀರ್ಮಾನಿಸಬೇಡಿ. ಮನೆಯ ಬೆಂಚಿನ ಮೇಲೆ ಇಸ್ತ್ರಿ ಅಂಗಿ ತೊಟ್ಟು ಯಾರಾದರೂ ಸುಮ್ಮನೆ ಕೂತಿದ್ದರೆ, "ಹೋಗಿ ಬನ್ನಿ" ಎಂದು ಕಳಿಸಬೇಡಿ. ನೀವೂ ಚಪ್ಪಲಿ ಮೆಟ್ಟಿಕೊಂಡು ಜೊತೆಗೆ ಹೊರಡಿ.