ಹೊಗೆಗೂಡಿಗೆ ಹಾಕಿದ ಕಲ್ಲು

ಹುಲಗೇಶ ಗಾರೆ ಕೆಲಸಕ್ಕೆ ಕರಣಿ ಹಿಡಿದು ಇಪ್ಪತ್ತೆರಡು ವರ್ಷವಾಗಿತ್ತು. ಲಿಂಗಸುಗೂರ ಕಡೆಯಿಂದ ಹೈದರಾಬಾದಿಗೆ ಬಂದ ಗೌಂಡಿಗಳಲ್ಲಿ ಅವನಷ್ಟು ಅಚ್ಚುಕಟ್ಟಿನವನು ಇನ್ನೊಬ್ಬನಿಲ್ಲ ಎಂದು ಬೇರೆಯವರು ಹೇಳುತ್ತಿದ್ದರೋ ಇಲ್ಲವೋ, ಅವನಂತೂ ಹೇಳಿಕೊಳ್ಳುತ್ತಿದ್ದ. ತಾನು ಮುಚ್ಚಿದ ತೂತಿನಲ್ಲಿ ಇರುವೆ ಸಹ ನುಸುಳುವುದಿಲ್ಲ ಎಂಬ ಹೆಮ್ಮೆ ಅವನಿಗೆ. ಪಾಪ, ಅದು ಸುಳ್ಳೂ ಆಗಿರಲಿಲ್ಲ.

ಅಮೀರ್‌ಪೇಟೆಯ ಗಲ್ಲಿಯೊಂದರ ಹಳೇ ಬಂಗಲೆಯಲ್ಲಿ, ಹಿಂದಿನ ಅಡುಗೆಮನೆಯೇ ಅವನ ಬಿಡಾರ. ಮುಂಭಾಗದಲ್ಲಿ ಮನೆ ಮಾಲೀಕ ಮಾಣಿಕಪ್ಪನ ಕಂಪ್ಯೂಟರ್ ಕ್ಲಾಸು; ಬೆಳಗಿನಿಂದ ಸಂಜೆವರೆಗೆ ಜಾವಾ ಕಲಿಯುವ ಹುಡುಗ ಹುಡುಗಿಯರ ನೂಕುನುಗ್ಗಲು. ಅಡುಗೆಮನೆಯ ಮೂಲೆಯಲ್ಲಿ ಮಾಳಿಗೆ ದಾಟಿ ಮೇಲೆದ್ದ ಇಟ್ಟಿಗೆಯ ಹೊಗೆಗೂಡೊಂದಿತ್ತು. ಗ್ಯಾಸ್ ಬಂದ ಮೇಲೆ ಅದನ್ನು ಕೇಳುವವರೇ ಇರಲಿಲ್ಲ. ಆಮೇಲೆ ಪಕ್ಕದಲ್ಲಿ ಆರಂತಸ್ತಿನ ಹಾಸ್ಟೆಲ್ ಎದ್ದಿತು. ಕಟ್ಟಿದವರಲ್ಲಿ ಹುಲಗೇಶನೂ ಒಬ್ಬ. ಆ ಗೋಡೆಗೆ ಬಡಿದ ಗಾಳಿ ತಿರುಗಿ ಬಂದು ಹೊಗೆಗೂಡಿನ ಬಾಯಿಗೆ ಬೀಳತೊಡಗಿತು. ಆಷಾಢ ಹುಟ್ಟಿದ್ದೇ ತಡ, ಒಳಗೆ ಯಾರೋ ನರಳುತ್ತಿರುವಂಥ ಸದ್ದು ಶುರುವಾಯಿತು.

ಅದೇ ಹೊತ್ತಿಗೆ ಮಗಳು ಭಾಗ್ಯಶ್ರೀ ಹೆಣ್ಣು ಕೂಸನ್ನು ಹೆತ್ತು ಆಸ್ಪತ್ರೆಯಿಂದ ಬಂದಳು. ಮೊದಲನೆಯದು ಹೊಟ್ಟೆಯಲ್ಲೇ ಹೋಗಿತ್ತು. ಹೀಗಾಗಿ ಈ ಸಲ ತಾಯಿ, ಕೂಸು ಇಬ್ಬರನ್ನೂ ಗಟ್ಟಿ ಮಾಡಿಯೇ ಗಂಡನ ಮನೆಗೆ ಕಳಿಸಬೇಕೆಂದು ಹುಲಗೇಶನ ಹೆಂಡತಿ ಗುಂಡಮ್ಮ ಹಟ ತೊಟ್ಟಿದ್ದಳು. ಬಾಣಂತಿಯ ಕಿವಿಗೆ ಹತ್ತಿ, ತಲೆಗೆ ಬಟ್ಟೆ, ನೀರೆರೆದ ಮೇಲೆ ಹೊರಸಿನ ಕೆಳಗೆ ಕಬ್ಬಿಣದ ಬುಟ್ಟಿಯಲ್ಲಿ ಇದ್ದಿಲ ಕೆಂಡ. ಊರಲ್ಲಿ ಅವಳ ಅವ್ವ ಮಾಡಿದ್ದೂ ಇದನ್ನೇ. ಆದರೆ ಊರ ಮನೆಗೆ ಹೆಂಚಿನ ಸಂದಿಗಳಿದ್ದವು. ಅದು ಯಾರಿಗೂ ನೆನಪಾಗಲಿಲ್ಲ.

"ಬಾಣಂತಿ ಮನ್ಯಾಗ ಇಂಥಾ ಸದ್ದು ಬರಬಾರದ್ರಿ," ಎಂದು ಗುಂಡಮ್ಮ ದಿನವೂ ಅವನ ತಲೆ ತಿಂದಳು. "ಗೌಂಡಿ ಅಂತೀರಿ, ಒಂದು ತೂತು ಮುಚ್ಚಾಕ ಆಗವಲ್ದು?"

"ಇರ್ಲಿ ಬಿಡವ್ವಾ," ಎಂದಳು ಭಾಗ್ಯಶ್ರೀ. "ನನಗೇನು ಕಿರಿಕಿರಿ ಇಲ್ಲ."

ಗೌಂಡಿತನದ ಮಾತು ಬಂದ ಮೇಲೆ ಹುಲಗೇಶ ಸುಮ್ಮನಿರುವ ಪೈಕಿಯಲ್ಲ. ಭಾನುವಾರ ಮಾಳಿಗೆ ಹತ್ತಿ, ಹೊಗೆಗೂಡಿನ ಬಾಯಿಗೆ ಶಹಾಬಾದ್ ಕಲ್ಲಿನ ತುಂಡು ಕೂರಿಸಿ, ಸುತ್ತಲೂ ಸಿಮೆಂಟ್ ಮೆತ್ತಿ ಬಂದ. ಕಿವಿಯಿಟ್ಟು ಕೇಳಿದರೂ ಸದ್ದಿಲ್ಲ. ಗುಂಡಮ್ಮ ಅಪರೂಪಕ್ಕೆ ನಕ್ಕು ಅವನಿಗೆ ಎರಡು ರೊಟ್ಟಿ ಜಾಸ್ತಿ ಹಾಕಿದಳು.

ಸೋಮವಾರ ಭಾಗ್ಯಶ್ರೀಗೆ ತಲೆನೋವು. "ಅಪ್ಪಾ, ತಲಿ ಸಿಡ್ಯಾಕತ್ತೈತಿ. ವಾಂತಿ ಬಂದಂಗ ಆಗ್ತೈತಿ," ಎಂದಳು.

ಗುಂಡಮ್ಮನಿಗೆ ಅನುಮಾನವೇ ಇರಲಿಲ್ಲ. "ಗಾಳಿ ಹೊಕ್ಕೈತಿ. ಆ ಕಿಟಕಿ ಸಂದ್ಯಾಗಿಂದ ಬರ್ತೈತಿ ನೋಡ್ರಿ."

ಹುಲಗೇಶ ಸಿಮೆಂಟಿನ ಖಾಲಿ ಚೀಲ ಹರಿದು ಕಿಟಕಿಯ ಸಂದಿಗೆ ತುರುಕಿದ. ಬಾಗಿಲಿನ ಕೆಳಗೆ ಹಳೇ ಸೀರೆ ಸುತ್ತಿಟ್ಟ. ಗುಂಡಮ್ಮ ಬುಟ್ಟಿಗೆ ಇನ್ನೆರಡು ಹಿಡಿ ಇದ್ದಿಲು ಹಾಕಿದಳು. ಮಗಳ ಮೇಲಿನ ಜೀವದಿಂದಲೇ ಇಬ್ಬರೂ ಇದನ್ನೆಲ್ಲ ಮಾಡಿದರು. ನೆನೆದರೆ ಹೊಟ್ಟೆ ಉರಿಯುತ್ತದೆ.

ಮಂಗಳವಾರ ಮಧ್ಯಾಹ್ನ ಬಾಣಂತಿಗೆ ಎರೆದು, ಕೆಂಡವಿಟ್ಟು, ಹೊದಿಸಿ ಮಲಗಿಸಿ, ಗುಂಡಮ್ಮ ಕೂಸಿಗೆ ಎರೆಯಲು ಹಿತ್ತಲ ಬಚ್ಚಲಿಗೆ ಹೋದಳು. ಎರೆದು, ಮೋಡ ಸರಿದು ಬಿಸಿಲು ಕಂಡಿತೆಂದು ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಅಲ್ಲೇ ಕುಳಿತಳು. ಹುಲಗೇಶ ಕೆಲಸದಿಂದ ಊಟಕ್ಕೆ ಬಂದಾಗ ಕೂಸು ಹಾಲಿಗಾಗಿ ಅಳುತ್ತಿತ್ತು.

"ಅಕಿ ಮಕ್ಕೊಂಡಾಳ, ಎಬ್ಬಸ್ರಿ," ಎಂದಳು ಗುಂಡಮ್ಮ.

ಸೀರೆಯನ್ನು ತಳ್ಳಿಕೊಂಡು ಬಾಗಿಲು ತೆರೆಯಿತು. ಒಳಗೆ ಹೊಗೆ ಇರಲಿಲ್ಲ, ವಾಸನೆಯೂ ಹೆಚ್ಚಿರಲಿಲ್ಲ. ಭಾಗ್ಯಶ್ರೀಯ ಕೆನ್ನೆ ಕೆಂಪಗಿತ್ತು. ಬಾಣಂತನದ ಕಳೆ ಬಂದಿದೆ ಎಂದು ಅವನಿಗೆ ಒಂದು ಗಳಿಗೆ ಸಂತೋಷವೇ ಆಯಿತು. "ಭಾಗ್ಯಾ, ಏಳವ್ವ," ಎಂದು ಭುಜ ಅಲ್ಲಾಡಿಸಿದ. ಅವಳ ಕೈ ಜಾರಿ ಹೊರಸಿನಿಂದ ಕೆಳಗೆ ಬಿತ್ತು.

ಆಟೋದಲ್ಲಿ ಹಾಕಿಕೊಂಡು ಓಡಿದ್ದೇ ಬಂತು. ದೊಡ್ಡಾಸ್ಪತ್ರೆಯ ಡಾಕ್ಟರು ಅವನಿಗೆ ತಿಳಿಯಲೆಂದು ಹಿಂದಿಯಲ್ಲಿ ನಿಧಾನವಾಗಿ ಕೇಳಿದರು: ಕೋಣೆಯಲ್ಲಿ ಕೆಂಡ ಇತ್ತೇ? ಗಾಳಿ ಹೋಗಲು ದಾರಿ ಇತ್ತೇ? ಮುಚ್ಚಿದ ಕೋಣೆಯಲ್ಲಿ ಕೆಂಡದ ಗಾಳಿ ವಿಷವಾಗುತ್ತದೆ, ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ ಎಂದರು. ದಾರಿ ಇತ್ತು ಎಂದು ಹೇಳಲು ಹುಲಗೇಶ ಬಾಯಿ ತೆರೆದ. ಕಣ್ಣು ತನ್ನ ಉಗುರಿನ ಸಂದಿಯ ಸಿಮೆಂಟಿನ ಮೇಲೆ ಬಿತ್ತು.

ಮಗಳನ್ನು ಮಣ್ಣು ಮಾಡಿ ಬಂದವನು ಸುತ್ತಿಗೆ ಹಿಡಿದು ಮಾಳಿಗೆ ಹತ್ತಿದ. ಅವನ ಕೆಲಸ ಗಟ್ಟಿಯಿತ್ತು. ಕಲ್ಲು ಒಡೆಯುವಷ್ಟರಲ್ಲಿ ಅಂಗೈ ಕಿತ್ತು ರಕ್ತ ಬಂತು. ಒಡೆದದ್ದೇ ತಡ, ಗಾಳಿ ಒಳಗಿಳಿದು ಮೊದಲಿನಂತೆಯೇ ನರಳಿತು. ಆಗ ಅವನು ಅಲ್ಲೇ ಕುಕ್ಕರಗಾಲಲ್ಲಿ ಕುಳಿತು ಗಟ್ಟಿಯಾಗಿ ಅತ್ತ.

ಅಳಿಯ ಒಪ್ಪಿದ್ದರಿಂದ ಕೂಸು ಇವರ ಹತ್ತಿರವೇ ಉಳಿಯಿತು. ಹದಿನೈದು ದಿನ ಕಳೆದ ಮೇಲೆ ಮಾಣಿಕಪ್ಪ ಬಾಗಿಲಿಗೆ ಬಂದ. ಬೀದರ ಕಡೆಯವನು, ಕೆಟ್ಟವನಲ್ಲ. "ಹುಲಗೇಶ, ಆ ಸದ್ದಿಗೆ ಕ್ಲಾಸಿನಾಗ ಪಾಠ ಕೇಳಸವಲ್ದು. ಅರ್ಧಾ ಆದ್ರೂ ಮುಚ್ಚಪ್ಪ."

"ಮನಿ ಬೇಕಾದ್ರ ಬಿಡ್ತೀನ್ರಿ," ಎಂದ ಹುಲಗೇಶ. "ಅದನ್ನ ಮಾತ್ರ ಮುಚ್ಚಾಂಗಿಲ್ಲ."

ಮಾಣಿಕಪ್ಪ ತೊಟ್ಟಿಲ ಕಡೆ ನೋಡಿ ತಿರುಗಿ ಹೋದ.

ಈಗ ಆ ಸದ್ದಿನಲ್ಲೇ ಕೂಸು ನಿದ್ದೆ ಹೋಗುತ್ತದೆ. ಗುಂಡಮ್ಮ ಪಾತ್ರೆ ತೊಳೆಯುತ್ತಾಳೆ, ರೊಟ್ಟಿ ಬಡಿಯುತ್ತಾಳೆ. ಒಮ್ಮೊಮ್ಮೆ ಗಾಳಿ ನಿಂತು ಹೊಗೆಗೂಡು ಮೌನವಾಗುತ್ತದೆ. ಆಗ ಅವಳು ಹಿಟ್ಟಿನ ಕೈಯಲ್ಲೇ ಎದ್ದು ಓಡಿ, ಕೂಸಿನ ಮೂಗಿಗೆ ಬೆರಳು ಹಿಡಿಯುತ್ತಾಳೆ.