ಅವಳೇ ಬಿಡಿಸಿದ್ದು

ಆ ಮನೆಯಲ್ಲಿ ಭಾನುವಾರ ಬಂತೆಂದರೆ ನಾಲ್ಕು ವರ್ಷದ ಮಗಳಿಗೆ ಬಣ್ಣದ ಪಾಠ. ಪಾಠ ಎಂದರೆ ಏನು ಅಂತೀರಿ? ಅಮ್ಮ ನೆಲಕ್ಕೆ ಹಳೆಯ ಪತ್ರಿಕೆ ಹಾಸುವಳು, ಬೆಂಡೆಕಾಯಿ ಕತ್ತರಿಸಿ ಬಣ್ಣಕ್ಕೆ ಅದ್ದಿ ಹೂವಿನ ಅಚ್ಚೊತ್ತುವಳು, ಹಳದಿಗೆ ನೀಲಿ ಬೆರೆಸಿ "ನೋಡು, ಹಸಿರು ಬಂತು!" ಎಂದು ತಾನೇ ಬೆರಗಾಗುವಳು. ಮಗಳು ಕೈ ಕಟ್ಟಿ ಕೂತಿರಬೇಕು. ಮುಟ್ಟಿದರೆ ಗದರಿಕೆ. ಎಲ್ಲ ಮುಗಿದ ಮೇಲೆ ಕುಂಚವನ್ನು ಮಗುವಿನ ಕೈಗಿತ್ತು, ಮೂಗಿನ ತುದಿಗೆ ಚೂರು ಹಳದಿ ಸವರಿ ಒಂದು ಫೋಟೋ. ಅದು 'ಮಗಳೇ ಬಿಡಿಸಿದ್ದು' ಎಂಬ ಒಕ್ಕಣೆಯೊಂದಿಗೆ ಬಂಧುಬಳಗದ ಫೋನುಗಳಿಗೆಲ್ಲ ಹೋಗುತ್ತಿತ್ತು. ಚಿಕ್ಕಮ್ಮಂದಿರು, ಸೋದರತ್ತೆಯರು ಹೊಗಳಿ ಅಟ್ಟಕ್ಕೇರಿಸುತ್ತಿದ್ದರು.

ಫೋಟೋ ತೆಗೆಯುವ ಕೆಲಸ ಅಪ್ಪನದು. ಅವನು ಕಟ್ಟುಹಲ್ಲು ತಯಾರಿಸುವವನು. ಪಕ್ಕದ ಹಲ್ಲಿನ ಬಣ್ಣಕ್ಕೆ ಹೊಂದಿಸಿ, ಬಾಯಲ್ಲೇ ಹುಟ್ಟಿದ್ದು ಎನ್ನುವಂತೆ ಮಾಡುವುದು ಅವನ ಕಸುಬು. ಹೆಂಡತಿಯ ನಾಟಕ ಕಂಡರೆ ಅವನಿಗೆ ಮೈಯೆಲ್ಲ ಉರಿ. 'ಮಗೂದಂತೆ ಮಗೂದು! ಮೂವತ್ತೈದು ವರ್ಷದ ಮಗು!' ಎಂದು ಒಳಗೊಳಗೇ ಗೊಣಗುವನು. ಬಾಯಿಬಿಟ್ಟು ಹೇಳುವ ಧೈರ್ಯವಿಲ್ಲ. "ಸ್ವಲ್ಪ ಎಡಕ್ಕೆ ತಿರುಗು ಮರಿ" ಎಂದು ಫೋನು ಹಿಡಿಯುವನು, ಮಹಾನುಭಾವ.

ಹೀಗಿರುವಾಗ ಅವನು ಹಲ್ಲು ತಯಾರಿಸುವ ಲ್ಯಾಬಿನಲ್ಲಿ ಪಕ್ಕದ ಮೇಜಿನವನು ತನ್ನ ಮಗ ಬಿಡಿಸಿದ ನಾಯಿಯನ್ನು ಗೋಡೆಗೆ ಅಂಟಿಸಿದ. ನೇರಳೆ ನಾಯಿ, ಐದು ಕಾಲು, ಬಾಲ ಎಲ್ಲಿದೆಯೋ ದೇವರೇ ಬಲ್ಲ. ಬಂದವರೆಲ್ಲ ಅದರ ಮುಂದೆ ನಗುತ್ತಾ ನಿಲ್ಲುವರು. ಅಪ್ಪನಿಗೆ ಹೊಟ್ಟೆಕಿಚ್ಚು ತಡೆಯಲಿಲ್ಲ. "ನನ್ ಮಗಳದ್ದೂ ತರ್ತೀನಿ ನಾಳೆ" ಎಂದುಬಿಟ್ಟ. ತರುವುದಾದರೂ ಏನನ್ನು? ಮನೆಯಲ್ಲಿ ರಾಶಿ ಬಿದ್ದದ್ದೆಲ್ಲ ಹೆಂಡತಿಯ ಕೈಯದು. ಮಗಳೇ ಎಳೆದ ಒಂದು ಗೀಟು ತನಗೆ ಬೇಕು ಎಂದು ಅವನಿಗೆ ನಿಜವಾಗಿಯೂ ಆಸೆಯಾಯಿತು.

ಆ ಸಂಜೆ ಹೆಂಡತಿ ತನ್ನ ಅಕ್ಕನ ಮನೆಗೆ ರಾತ್ರಿ ಉಳಿಯಲು ಹೋಗಿದ್ದಳು. ಅಪ್ಪ ಬಣ್ಣದ ಬಟ್ಟಲುಗಳನ್ನೆಲ್ಲ ಮಗಳ ಮುಂದಿಟ್ಟ.

"ಏನ್ ಬೇಕಾದ್ರೂ ಬಿಡ್ಸು ಮರಿ. ಚೆಲ್ಲಿದ್ರೂ ಪರವಾಗಿಲ್ಲ."

ಮಗಳು ಕೈ ಕಟ್ಟಿ ಕೂತಳು. "ನೀನ್ ಬಿಡ್ಸಪ್ಪ. ಆದ್ಮೇಲೆ ಹೇಳು."

"ಇಲ್ಲ, ನೀನೇ."

ಅವಳು ಒಣ ಕುಂಚವನ್ನು ಹಾಳೆಯ ಮೇಲೆ ಹಿಡಿದು, ಕತ್ತು ಓರೆ ಮಾಡಿ ಹಲ್ಲುಬಿಟ್ಟಳು. "ಬಂತಾ ಫೋಟೋ?"

"ಫೋಟೋ ಬೇಡಮ್ಮ. ಸುಮ್ನೆ ಬಿಡ್ಸು."

"ಸುಮ್ನೆ ಯಾಕೆ?"

ಅಪ್ಪ ಕೆಂಪು ಬಟ್ಟಲನ್ನು ಹತ್ತಿರ ಸರಿಸಿದ. ಅವಳ ಬೆರಳು ಹಿಡಿದು ಕೆಂಪಿಗೆ ಅದ್ದಿ ಹಾಳೆಯ ಮೇಲೆ ಎಳೆದ. "ಕೈ ಕೊಳೆ ಆಯ್ತು!" ಎಂದು ಅವಳು ಸೂರು ಹಾರಿಹೋಗುವಂತೆ ಅತ್ತಳು.

ಅವಳನ್ನು ಸಮಾಧಾನ ಮಾಡಿ ಮಲಗಿಸಿದ ಅಪ್ಪ ಆ ಹಾಳೆಯ ಮುಂದೆ ಕೂತ. ಒಂದು ವಕ್ರ ಗೀಟು, ಅದೂ ಅವಳದಲ್ಲ. ಇದನ್ನು ಒಯ್ದರೆ ಆ ನಾಯಿಯ ಮುಂದೆ ಮರ್ಯಾದೆ ಉಳಿದೀತೇ? ಬೇಕೆಂದೇ ಎಡಗೈಯಲ್ಲಿ ಕುಂಚ ಹಿಡಿದ. ಗೀಟು ಬಾಲವಾಯಿತು, ಅದರ ಮುಂದೆ ಆರು ಕಾಲಿನ ಹಸಿರು ಬೆಕ್ಕು ಎದ್ದು ನಿಂತಿತು. ಕಿವಿಯ ಬಳಿ ಅಷ್ಟು ಹಳದಿ ಚೆಲ್ಲಿದ. ಎಷ್ಟೆಂದರೂ ಕಸುಬುದಾರ, ಯಾರಿಗೂ ಸಂಶಯ ಬರುವಂತಿರಲಿಲ್ಲ.

ಬೆಳಿಗ್ಗೆ ಮಗಳು ಬೆಕ್ಕನ್ನು ಕಂಡು ಬಿದ್ದು ಬಿದ್ದು ನಕ್ಕಳು. ಅಂಥ ಸೊಟ್ಟ ಚಿತ್ರವನ್ನು ಆ ಮನೆಯಲ್ಲಿ ಅವಳು ನೋಡಿಯೇ ಇರಲಿಲ್ಲ. "ಅಪ್ಪಾ, ಇದಕ್ಕೆ ನಾನು ಮೀಸೆ ಬಿಡಿಸ್ತೀನಿ!" ಎಂದು ತಾನಾಗಿಯೇ ಕುಂಚವನ್ನು ನೀಲಿಗೆ ಅದ್ದಿದಳು.

ಅಪ್ಪ ಹಾಳೆಯನ್ನು ಸರಕ್ಕನೆ ಎತ್ತಿಕೊಂಡ. "ಬೇಡ ಬೇಡ, ಹಾಳು ಮಾಡ್ಬಿಡ್ತೀಯ."

ಅವಳು ಕುಂಚ ಕೆಳಗಿಟ್ಟಳು. ಅವನು ಅದನ್ನು ನೋಡಿಯೂ ಚಪ್ಪಲಿ ಮೆಟ್ಟಿಕೊಂಡು ಹೊರಟ.

ಮಧ್ಯಾಹ್ನದ ಹೊತ್ತಿಗೆ ಬೆಕ್ಕು ನಾಯಿಯ ಪಕ್ಕದಲ್ಲಿ ತೂಗುತ್ತಿತ್ತು. "ಪೂರ್ತಿ ಅವಳೇ ಬಿಡಿಸಿದ್ದಾ?" ಎಂದು ಪಕ್ಕದವನು ಕೇಳಿದ.

"ಮತ್ತೆ? ನಾವ್ಯಾರೂ ಕೈ ಹಚ್ಚಲಿಲ್ಲಪ್ಪ" ಎಂದ ಅಪ್ಪ.