ನಳಿಗೆಯ ಅಡಿಯ ನಂಬರು

ಅರೆಬರೆ ತಿಳಿದು ಹೇಳುತ್ತಿರುವ ಕಥೆ, ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ. ಆ ಊರಿನ ನಿಯಮದಂತೆ, ನೂರು ವರ್ಷ ದಾಟಿದ ಬಂದೂಕನ್ನು ಮನೆಯಲ್ಲಿಟ್ಟುಕೊಳ್ಳಬಹುದು, ದಾಟದಿದ್ದರೆ ಅದು ಕರಗಲು ಕುಲುಮೆಗೆ. ಅಜ್ಜಿಯೊಬ್ಬರು ತಂದ ಗಂಡನ ಬಂದೂಕಿನಲ್ಲಿ, ಗುಂಡು ತುಂಬಲು ಹಿಂದೆ ಮುಂದೆ ಎಳೆಯುವ ಬೋಲ್ಟಿನ ಮೇಲಿದ್ದ ತಯಾರಿಕೆಯ ನಂಬರು ನೋಡಿ, ಬಂದೂಕುಗಳ ವಯಸ್ಸು ಹೇಳುವ ಪರೀಕ್ಷಕ ನೂರಹತ್ತು ವರ್ಷವೆಂದು ಬರೆದುಕೊಟ್ಟಿದ್ದ. ಬೋಲ್ಟನ್ನು ಯಾರಾದರೂ ಬದಲಿಸಿರಬಹುದು, ನಳಿಗೆಯ ಅಡಿಯ ಮೂಲ ನಂಬರನ್ನು ತಾನು ನೋಡಲೇ ಇಲ್ಲ ಎಂದು ಊಟಕ್ಕೆ ಕೂತಾಗ ಹೊಳೆದದ್ದೇ, ತಟ್ಟೆ ಬಿಟ್ಟು ಎದ್ದ. ಅಜ್ಜಿಯ ಮನೆಗೆ ಓಡಿದ.

“ಅಜ್ಜಿ, ಇನ್ನೊಂದ್ಸಲ ನೋಡ್ಬೇಕಿತ್ತು.”

“ಬೆಳಿಗ್ಗೆ ನೋಡಿದ್ದು ಕಣ್ಣು ಮುಚ್ಕೊಂಡಾ, ಮಗಾ?”

ತಿರುಪು ಬಿಚ್ಚಿ ನಳಿಗೆಯ ಕೆಳಗಿನ ಮರದ ಭಾಗ ತೆಗೆದ. ನಳಿಗೆಯ ನಂಬರನ್ನು ಯಾರೋ ಅರ ಹಾಕಿ ಉಜ್ಜಿಬಿಟ್ಟಿದ್ದರು.

“ಹಾಗಾದ್ರೆ ನಮ್ಮವರದ್ದನ್ನ ಕರಗಿಸಿಬಿಡ್ತೀಯಾ?” ಅಜ್ಜಿಯ ದನಿ ಇಳಿಯಿತು.

ಅವನು ಚೀಟಿಯಲ್ಲಿದ್ದ ನೂರಹತ್ತನ್ನು ಹೊಡೆದುಹಾಕಿ, ‘ಗೊತ್ತಿಲ್ಲ’ ಎಂದು ಬರೆದ. ಅಂಥ ಬಂದೂಕನ್ನು ಏನು ಮಾಡಬೇಕೆಂದು ನಿಯಮದಲ್ಲಿಲ್ಲ. ಮುಂದೇನಾಯಿತೋ, ನಮಗೂ ಗೊತ್ತಿಲ್ಲ.